ಹಿಟ್ಟಿನ ಕೋಳಿ, ವಿದ್ಯುತ್ತಿನ ಕುರಿ

ಸ್ಯಾನ್ ಫ್ರಾನ್ಸಿಸ್ಕೋ ನಗರದ ಒಂದು ವಸತಿ ಕಟ್ಟಡದ ತಾರಸಿಯ ಮೇಲೆ ಕುರಿಯೊಂದು ನಿಂತು ಮೆಲುಕು ಹಾಕುತ್ತಿದೆ. ಅದರ ಒಡೆಯ ಬೆಳಗ್ಗೆ ಕೆಲಸಕ್ಕೆ ಹೊರಡುವ ಮುನ್ನ ಮೇಲೇರಿ ಬಂದು ಅದರ ಯೋಗಕ್ಷೇಮವನ್ನು ವಿಚಾರಿಸಿಕೊಳ್ಳುತ್ತಾನೆ. ಅದೇ ತಾರಸಿಯಲ್ಲಿ ಕುದುರೆ ಸಾಕಿರುವ ನೆರೆಯವನೊಡನೆ, ಹಳ್ಳಿಯ ಒಕ್ಕಲಿಗರಿಬ್ಬರು ಬೇಲಿಯ ಬಳಿ ನಿಂತು ದನಕರುಗಳ ವಿಷಯ ಮಾತಾಡಿಕೊಳ್ಳುವಂತೆ, ಬೆಲೆಯ ಮಾತನ್ನೂ ತಳಿಯ ಮಾತನ್ನೂ ಆಡುತ್ತಾನೆ. ನೆರೆಯವನ ಕುದುರೆ ಈಗ ಗಬ್ಬವಾಗಿದೆ. ಆ ಸಂತೋಷವನ್ನು ಹೇಳಿಕೊಳ್ಳಲು ಅವನಿಗೊಬ್ಬ ಕೇಳುಗ ಬೇಕು. ಕೇಳುತ್ತಿರುವವನ ಹೊಟ್ಟೆಯಲ್ಲಿ ಮಾತ್ರ ಒಂದು ಸಂಕಟ ಕುದಿಯುತ್ತಿದೆ. ಅವನ ಕುರಿಯ ಉಣ್ಣೆಯ ಕೆಳಗೆ ತಂತಿಗಳಿವೆ, ಯಂತ್ರಭಾಗಗಳಿವೆ, ರಕ್ತವಿಲ್ಲ. ನಿಜವಾದ ಕುರಿಯೊಂದು ಅವನಿಗೆ ಹಿಂದೆ ಇದ್ದದ್ದುಂಟು. ಹುಲ್ಲಿನ ಪಿಂಡಿಯೊಳಗಿದ್ದ ತಂತಿಯ ಚೂರು ತಗುಲಿ ಅದು ಧನುರ್ವಾಯುವಿನಿಂದ ಸತ್ತಿತು. ನೆರೆಹೊರೆಯಲ್ಲಿ ತಲೆಯೆತ್ತಿ ನಡೆಯಬೇಕಾದ ಗೃಹಸ್ಥನಾದ ಆತ, ಯಾರಿಗೂ ತಿಳಿಯದಂತೆ, ಅದೇ ರೂಪಿನ ವಿದ್ಯುತ್ತಿನ ಕುರಿಯೊಂದನ್ನು ಮಾಡಿಸಿ ಆ ಸ್ಥಾನದಲ್ಲಿ ನಿಲ್ಲಿಸಿದನು.

ಅಮೆರಿಕದ ಕಾದಂಬರಿಕಾರ ಫಿಲಿಪ್ ಕೆ. ಡಿಕ್ 1968ರಲ್ಲಿ ಪ್ರಕಟಿಸಿದ ‘ಡು ಆಂಡ್ರಾಯ್ಡ್ಸ್ ಡ್ರೀಮ್ ಆಫ್ ಎಲೆಕ್ಟ್ರಿಕ್ ಶೀಪ್?’ ಎಂಬ ಕೃತಿ ಆರಂಭವಾಗುವುದು ಈ ಕುರಿಯ ಸುತ್ತಮುತ್ತಲಲ್ಲಿಯೇ. ಕೃತಕ ಮಾನವರೂ ವಿದ್ಯುತ್ತಿನ ಕುರಿಯ ಕನಸು ಕಾಣುವರೆ ಎಂಬ ವಿಲಕ್ಷಣವಾದ ಪ್ರಶ್ನೆಯೇ ಗ್ರಂಥದ ಹೆಸರು. ಕಥೆ ನಡೆಯುವ ವರ್ಷ 1992. ಆ ವರ್ಷ ಸಮೀಪಿಸಿದಂತೆ ಮುಂದಿನ ಕೆಲವು ಮುದ್ರಣಗಳಲ್ಲಿ ಪ್ರಕಾಶಕರು ಅದನ್ನು 2021 ಎಂದು ತಿದ್ದಿಕೊಂಡರು. ಈಗ ಅದೂ ಕಳೆದುಹೋಗಿದೆ. ಮಹಾಯುದ್ಧವೊಂದು ಮುಗಿದು, ಅದನ್ನು ಯಾರು ಆರಂಭಿಸಿದರು, ಯಾರು ಗೆದ್ದರು ಎಂಬುದು ಯಾರಿಗೂ ನೆನಪಿಲ್ಲದಂತಾಗಿ, ಆಕಾಶದಿಂದ ವಿಷಧೂಳಿ ಮಾತ್ರ ಸುರಿಯುತ್ತಲೇ ಇದೆ. ಮೊದಲು ಗೂಬೆಗಳು ಸತ್ತವು. ಅನಂತರ ಉಳಿದ ಹಕ್ಕಿಗಳು, ಆಮೇಲೆ ಮೃಗಗಳು. ಉಳಿದ ಜನಕ್ಕೆ ಸರ್ಕಾರ ಮಂಗಳಗ್ರಹಕ್ಕೆ ವಲಸೆ ಹೋಗಿರೆಂದು ಉಪದೇಶಿಸುತ್ತದೆ. ಹೋದವರಿಗೆ ಸೇವಕನಾಗಿ ಒಬ್ಬ ಆಂಡ್ರಾಯ್ಡ್ ಉಚಿತ. ಈ ಆಂಡ್ರಾಯ್ಡನ್ನು ತಗಡಿನ ಮೈಯ ಯಂತ್ರವೆಂದು ಓದುಗರು ಭಾವಿಸಬಾರದು. ಅವನಿಗೆ ಮಾಂಸವಿದೆ, ಚರ್ಮವಿದೆ, ನೋವಿದೆ. ಸತ್ತ ಮೇಲೆ ಎಲುಬಿನ ಮಜ್ಜೆಯನ್ನು ಪರೀಕ್ಷಿಸಿಯೇ ಇವನು ಕೃತಕನೋ ಸಹಜನೋ ಎಂದು ನಿರ್ಣಯಿಸಬೇಕು. ಜೀವಕೋಶಗಳು ಹೊಸದಾಗಿ ಹುಟ್ಟದ ಕಾರಣ ಅವನ ಆಯುಸ್ಸು ನಾಲ್ಕೇ ವರ್ಷ. ಜೆಕ್ ನಾಟಕಕಾರ ಕಾರೆಲ್ ಚಾಪೆಕ್ 1920ರಲ್ಲಿ ಬರೆದ ನಾಟಕದಲ್ಲಿ ‘ರೋಬಟ್’ ಎಂಬ ಮಾತು ಮೊದಲು ಬಂದಾಗ ಅದಕ್ಕಿದ್ದ ಮೂಲಾರ್ಥ ಬಿಟ್ಟಿಚಾಕರಿ ಎಂದು. ಡಿಕ್ಕನ ಪಾತ್ರಗಳು ಆ ವಂಶದವು. ಒಡೆಯನನ್ನು ಕೊಂದು ಭೂಮಿಗೆ ಓಡಿಬರುವ ಜೀತಗಾರರು ಅವರು.

ಇಂಥ ಲೋಕದಲ್ಲಿ ನಿಜವಾದ ಪ್ರಾಣಿಯೊಂದನ್ನು ಸಾಕುವುದು ಐಶ್ವರ್ಯವೂ ಹೌದು, ಧರ್ಮವೂ ಹೌದು. ಹಿಂದಿನವರು ಮನೆಯ ಮುಂದೆ ಕಟ್ಟಿದ ಎತ್ತುಗಳಿಂದ ಮನೆತನವನ್ನು ಅಳೆಯುತ್ತಿದ್ದಂತೆ ಇಲ್ಲಿಯ ಜನ ತಾರಸಿಯ ಪ್ರಾಣಿಯಿಂದ ಮನುಷ್ಯನನ್ನು ಅಳೆಯುತ್ತಾರೆ. ಪ್ರಾಣಿಗಳ ಬೆಲೆಯ ಪಟ್ಟಿಯೊಂದು ಅಚ್ಚಾಗಿ ಬರುತ್ತದೆ. ನಮ್ಮ ನಾಯಕ ಅದನ್ನು ಜೇಬಿನಲ್ಲಿಟ್ಟುಕೊಂಡೇ ತಿರುಗುತ್ತಾನೆ.

ಆ ನಾಯಕ ರಿಕ್ ಡೆಕರ್ಡ್. ಪೊಲೀಸು ಇಲಾಖೆಗಾಗಿ ದುಡಿಯುವ ಇನಾಮು ಬೇಟೆಗಾರ. ತಪ್ಪಿಸಿಕೊಂಡು ಬಂದ ಆಂಡ್ರಾಯ್ಡನ್ನು ಪತ್ತೆಹಚ್ಚಿ ಕೊಂದರೆ ತಲೆಗೆ 1,000 ಡಾಲರು. ಆದರೆ ಇಲಾಖೆಯ ಭಾಷೆಯಲ್ಲಿ ಕೊಲ್ಲುವುದೆಂಬ ಮಾತಿಲ್ಲ; ಅದಕ್ಕೆ ‘ನಿವೃತ್ತಿಗೊಳಿಸುವುದು’ ಎಂದು ಹೆಸರು. ನಿವೃತ್ತಿಯೆಂದರೆ ಹಾರ, ಶಾಲು, ಹಣ್ಣಿನ ಬುಟ್ಟಿ, ನಾಲ್ಕು ಭಾಷಣ ಎಂದು ಬಲ್ಲ ನಮ್ಮಂಥವರಿಗೆ ಈ ಪ್ರಯೋಗ ಮೊದಲು ನಗೆ ಬರಿಸುತ್ತದೆ. ಎರಡನೆಯ ಸಲ ಓದುವಾಗ ನಗೆ ಬರುವುದಿಲ್ಲ. ಮಂಗಳದಿಂದ ಬಂದ ಎಂಟು ಜನರಲ್ಲಿ ಇಬ್ಬರನ್ನು ಮುಗಿಸಿದ ಹಿರಿಯ ಬೇಟೆಗಾರ ಮೂರನೆಯವನ ಕೈಯಲ್ಲಿ ಗಾಯಗೊಂಡು ಆಸ್ಪತ್ರೆ ಸೇರಿದ್ದಾನೆ. ಉಳಿದ ಆರು ಜನ ರಿಕ್‌ನ ಪಾಲು. ಆರು ಸಾವಿರ ಡಾಲರಿಗೆ ಎಂಥ ಪ್ರಾಣಿ ಬಂದೀತೆಂಬ ಲೆಕ್ಕಾಚಾರದಿಂದಲೇ ಅವನ ದಿನ ಆರಂಭವಾಗುತ್ತದೆ. ಜೀವಂತ ಕುರಿಯ ಆಸೆಗೆ ಮನುಷ್ಯಾಕಾರದ ಆರು ಜೀವಗಳು!

ವಿಮರ್ಶಕರು ಸಾಮಾನ್ಯವಾಗಿ ರಿಕ್‌ನ ಹಿಂದೆ ಓಡುತ್ತಾರೆ. ನನಗೆ ಅವನ ಹೆಂಡತಿ ಇರಾನ್ ಎಂಬಾಕೆಯಲ್ಲಿ ಹೆಚ್ಚಿನ ಆಸಕ್ತಿ. ಅವರ ಮನೆಯಲ್ಲಿ ಚಿತ್ತವೃತ್ತಿಯನ್ನು ಬೇಕಾದಂತೆ ಹೊಂದಿಸಿಕೊಡುವ ಪೆಟ್ಟಿಗೆಯೊಂದಿದೆ. ಸಂಖ್ಯೆಯನ್ನು ತಿರುಗಿಸಿದರೆ ಅದಕ್ಕೆ ತಕ್ಕ ಭಾವ ಮನಸ್ಸಿನಲ್ಲಿ ಮೂಡುತ್ತದೆ. ಅದಕ್ಕೆ ಪೆನ್‌ಫೀಲ್ಡ್ ಎಂದು ಹೆಸರಿಟ್ಟಿರುವುದು, ಎಚ್ಚರವಾಗಿರುವ ಅಪಸ್ಮಾರ ರೋಗಿಗಳ ಮಿದುಳಿಗೆ ವಿದ್ಯುತ್ತನ್ನು ಸೋಕಿಸಿ ಯಾವ ಭಾಗದಿಂದ ಯಾವ ಅನುಭವ ಏಳುವುದೆಂದು ಶೋಧಿಸಿದ ಮಾಂಟ್ರಿಯಲ್ಲಿನ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡನನ್ನು ನೆನಪಿಗೆ ತರುತ್ತದೆ. 888 ತಿರುಗಿಸಿದರೆ ದೂರದರ್ಶನದಲ್ಲಿ ಏನೇ ಬರುತ್ತಿರಲಿ ನೋಡಬೇಕೆಂಬ ಆಸೆ. 594 ತಿರುಗಿಸಿದರೆ ಎಲ್ಲ ವಿಷಯಗಳಲ್ಲಿಯೂ ಗಂಡನೇ ಹೆಚ್ಚು ಬುದ್ಧಿವಂತನೆಂಬ ಸಂತೃಪ್ತ ಸಮ್ಮತಿ. (ಈ ಎರಡನೆಯ ಸಂಖ್ಯೆಯನ್ನು ಹೆಂಡತಿಗಾಗಿ ತಿರುಗಿಸುವವನು ಗಂಡನೇ ಎಂದು ಹೇಳಬೇಕಾಗಿಲ್ಲ.) ಇಷ್ಟೆಲ್ಲ ಸುಖದ ಸಂಖ್ಯೆಗಳಿರುವಾಗ ಇರಾನ್ ತಿಂಗಳಿಗೆ ಎರಡು ಬಾರಿ, ಹುಡುಕಿ ಹುಡುಕಿ ಕಂಡುಕೊಂಡ ಇನ್ನೊಂದು ಸಂಖ್ಯೆಯಿಂದ, ಆರು ಗಂಟೆಗಳ ಆತ್ಮನಿಂದೆಯ ವಿಷಾದವನ್ನು ತನಗೆ ತಾನೇ ವಿಧಿಸಿಕೊಳ್ಳುತ್ತಾಳೆ. ಒಂದು ದಿನ ಆಕೆ ದೂರದರ್ಶನದ ಸದ್ದನ್ನು ಅಡಗಿಸಿದ್ದಳು. ಆಗ ಆ ಕಟ್ಟಡದ ಖಾಲಿ ಕೋಣೆಗಳ ಶೂನ್ಯವೆಲ್ಲ ಆಕೆಯ ಕಿವಿಗೆ ಬಿದ್ದಿತು. ಕೇಳಿಯೂ ಮನಸ್ಸು ಕಲಕಲಿಲ್ಲವಲ್ಲ ಎಂದು ಆಕೆ ಹೆದರಿದಳು. ಲೋಕ ಸತ್ತಿರುವಾಗ ದುಃಖಪಡದಿರುವುದು ರೋಗವೆಂದು ಈಕೆಗೆ ತಿಳಿದಷ್ಟು ಸ್ಪಷ್ಟವಾಗಿ ಕಾದಂಬರಿಯಲ್ಲಿ ಮತ್ತಾರಿಗೂ ತಿಳಿದಿಲ್ಲ. ಆದರೂ ಆ ದುಃಖವನ್ನು ಪಡೆಯಲು ಆಕೆಗೂ ಯಂತ್ರವೇ ಬೇಕಾಯಿತು. ಗಂಡನನ್ನು ಕೊಲೆಗಾರನೆಂದು ಮೊದಲ ಪುಟಗಳಲ್ಲಿಯೇ ಕರೆಯುವವಳೂ ಈಕೆಯೇ.

ಮನುಷ್ಯನನ್ನೂ ಆಂಡ್ರಾಯ್ಡನನ್ನೂ ಬೇರ್ಪಡಿಸಲು ಪೊಲೀಸರ ಬಳಿ ವೋಯ್ಟ್-ಕಾಂಫ್ ಎಂಬ ಪರೀಕ್ಷೆಯುಂಟು. ಇಂಗ್ಲೆಂಡಿನ ಗಣಿತಜ್ಞ ಅಲನ್ ಟ್ಯೂರಿಂಗ್ 1950ರ ತನ್ನ ಪ್ರಸಿದ್ಧ ಪ್ರಬಂಧದಲ್ಲಿ, ಯಂತ್ರ ಕೊಡುವ ಉತ್ತರವನ್ನು ನೋಡಿ ಅದು ಯಂತ್ರವೆಂದು ಹೇಳಲಾಗುವುದೇ ಎಂದು ಕೇಳಿದ್ದನು. ಡಿಕ್ಕನ ಪರೀಕ್ಷಕನಿಗೆ ಉತ್ತರ ಬೇಕಿಲ್ಲ. ಕರುವಿನ ಚರ್ಮದ ಹಣದ ಚೀಲ, ಜೀವಂತವಾಗಿ ಕುದಿನೀರಿಗೆ ಬಿದ್ದ ಸೀಗಡಿಜಾತಿಯ ಪ್ರಾಣಿ, ಕೈಮೇಲೆ ಹರಿಯುವ ಕಣಜ, ಇಂಥವುಗಳ ಮಾತೆತ್ತಿ ಅವನು ಎದುರಿನವನ ಕೆನ್ನೆಯ ಸೂಕ್ಷ್ಮ ರಕ್ತನಾಳಗಳು ಅರಳುವುದನ್ನೂ ಕಣ್ಣಿನ ಸ್ನಾಯುಗಳು ಬಿಗಿಯುವುದನ್ನೂ ಮುಳ್ಳಿನ ಓಲಾಟದಲ್ಲಿ ನೋಡುತ್ತಾನೆ. ನಮ್ಮ ಆಲಂಕಾರಿಕರು ಸ್ತಂಭ, ಸ್ವೇದ, ರೋಮಾಂಚ, ವೈವರ್ಣ್ಯ ಮೊದಲಾದ ಎಂಟನ್ನು ಸಾತ್ತ್ವಿಕಭಾವಗಳೆಂದು ಬೇರೆಯಾಗಿ ಎಣಿಸಿದ್ದು, ಮಿಕ್ಕ ಅಭಿನಯದಂತೆ ಇವು ಬರಿಯ ಅಂಗಚಾಲನೆಯಿಂದ ಬಾರವು, ಮನಸ್ಸು ಸಮಾಹಿತವಾಗಿ ಒಳಗಿನಿಂದ ಉಕ್ಕಬೇಕು ಎಂಬ ಕಾರಣದಿಂದ. ಭರತನ ಆ ವಿವೇಚನೆಯನ್ನು ಪೊಲೀಸು ಠಾಣೆಗೆ ತಂದಿಟ್ಟರೆ ಹೇಗಿರಬಹುದೋ ಹಾಗಿದೆ ಈ ಪರೀಕ್ಷೆ: ವೈವರ್ಣ್ಯ ಕಂಡರೆ ಬದುಕು, ಕಾಣದಿದ್ದರೆ ಮರಣ.

ಸಿಯಾಟಲ್ ನಗರದಲ್ಲಿ ಆಂಡ್ರಾಯ್ಡುಗಳನ್ನು ತಯಾರಿಸುವ ರೋಸನ್ ಸಂಸ್ಥೆಯವರು ತಮ್ಮ ಮನೆಮಗಳೆಂದು ರೇಚಲ್ ಎಂಬ ತರುಣಿಯನ್ನು ಈ ಪರೀಕ್ಷೆಗೆ ಒಡ್ಡುತ್ತಾರೆ. ಆಕೆ ಸೋಲುತ್ತಾಳೆ, ಒಡನೆಯೇ ಅವರು, ಈಕೆ ಆಕಾಶನೌಕೆಯಲ್ಲಿ ಜನಸಂಪರ್ಕವಿಲ್ಲದೆ ಬೆಳೆದ ಮನುಷ್ಯಳು, ನಿಮ್ಮ ಅಳತೆಗೋಲೇ ತಪ್ಪು ಎಂದು ರಿಕ್‌ನನ್ನು ಇಕ್ಕಟ್ಟಿಗೆ ಸಿಲುಕಿಸಿ, ಬಾಯಿ ಮುಚ್ಚಿಕೊಂಡಿರಲು ಜೀವಂತ ಗೂಬೆಯೊಂದರ ಆಮಿಷವನ್ನು ತೋರುತ್ತಾರೆ. ಸೋತು ಹೊರಡಲಿರುವ ರಿಕ್, ಚೀಲವನ್ನು ಮುಚ್ಚುತ್ತ ಇದು ಎಳೆಮಗುವಿನ ಚರ್ಮದ್ದು ಎನ್ನುತ್ತಾನೆ. ಮುಳ್ಳು ಹಾರುತ್ತದೆ, ಆದರೆ ಕ್ಷಣದ ಒಂದು ಅಂಶದಷ್ಟು ತಡವಾಗಿ. ಆ ವಿಳಂಬದಲ್ಲಿ ರೇಚಲಳ ಜಾತಕವೆಲ್ಲ ಬಯಲಾಗುತ್ತದೆ. ಗೂಬೆಯೂ ಕೃತಕವೇ! ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದುಂಟು: ತಾನು ಆಂಡ್ರಾಯ್ಡ್ ಎಂಬುದು ಆ ಕ್ಷಣದವರೆಗೆ ರೇಚಲಳಿಗೂ ತಿಳಿದಂತಿಲ್ಲ. ಪರೀಕ್ಷಕನ ಜಾಣ್ಮೆಗೆ ಚಪ್ಪಾಳೆ ತಟ್ಟಬೇಕೆನ್ನುವ ಹೊತ್ತಿಗೆ ಬಿಳಿಚಿಕೊಂಡ ಆ ಹುಡುಗಿಯ ಮುಖ ಅಡ್ಡ ಬರುತ್ತದೆ.

ಕಾದಂಬರಿಯ ಹೃದಯ ನನ್ನ ಎಣಿಕೆಯಲ್ಲಿ ಇರುವುದು ಲೂಬಾ ಲುಫ್ಟ್ ಎಂಬ ಗಾಯಕಿಯ ಪ್ರಕರಣದಲ್ಲಿ. ಮಂಗಳದಿಂದ ಓಡಿಬಂದ ಆಂಡ್ರಾಯ್ಡುಗಳಲ್ಲಿ ಈಕೆಯೊಬ್ಬಳು ಸಂಗೀತನಾಟಕದ ಮಂಡಲಿಯನ್ನು ಸೇರಿ, ಮೋಟ್ಸಾರ್ಟನ ‘ಮಾಯಾ ಕೊಳಲು’ ಕೃತಿಯಲ್ಲಿ ಪಮೀನಾ ಎಂಬ ನಾಯಿಕೆಯ ಭಾಗವನ್ನು ಹಾಡುತ್ತಿದ್ದಾಳೆ. ಆ ನಾಟಕ 1791ರ ಸೆಪ್ಟೆಂಬರಿನಲ್ಲಿ ರಂಗವೇರಿತು. ಡಿಸೆಂಬರಿನಲ್ಲಿ ಮೋಟ್ಸಾರ್ಟ್ ತೀರಿಕೊಂಡನು. ಅಭ್ಯಾಸವನ್ನು ಕೇಳುತ್ತ ಕತ್ತಲಲ್ಲಿ ಕುಳಿತ ರಿಕ್, ಈ ಹಾಡುಗಾರರೂ ಸಾಯುವರು, ಈ ಸ್ವರಲಿಪಿಯೂ ಅಳಿಯುವುದು ಎಂದು ಚಿಂತಿಸುತ್ತಾನೆ. ಆಕೆಯನ್ನು ಕೊಲ್ಲುವುದಕ್ಕೆಂದೇ ಬಂದವನಿಗೆ ಕಂಠದ ಮಾಧುರ್ಯದಿಂದ ಕಿವಿಯನ್ನು ಕೀಳಲಾಗುವುದಿಲ್ಲ. ಮುಂದೆ ಆಕೆ ಸಿಕ್ಕುವುದು ಚಿತ್ರಶಾಲೆಯಲ್ಲಿ, ನಾರ್ವೆಯ ಎಡ್ವರ್ಡ್ ಮುಂಕ್‌ನ ಚಿತ್ರಗಳ ನಡುವೆ. ರಿಕ್‌ನ ಜೊತೆಗೆ ಈಗ ಫಿಲ್ ರೆಶ್ ಎಂಬ ಇನ್ನೊಬ್ಬ ಬೇಟೆಗಾರನಿದ್ದಾನೆ. ಮನೆಯಲ್ಲಿ ಅಳಿಲನ್ನು ಮಕ್ಕಳಂತೆ ಸಾಕುವ ಈತ, ಕೊಲ್ಲುವಾಗ ಮಾತ್ರ ರೆಪ್ಪೆ ಬಡಿಯದವನು. ‘ಕೂಗು’ ಎಂಬ ಜಗತ್ಪ್ರಸಿದ್ಧ ಚಿತ್ರದ ಮುಂದೆ ನಿಂತು, ಆಂಡ್ರಾಯ್ಡುಗಳಿಗೆ ಒಳಗೆ ಹೀಗೆಯೇ ಇದ್ದೀತು ಎಂದು ಒಂದು ಮಾತನ್ನೂ ಆಡುತ್ತಾನೆ. ಲೂಬಾ ನಿಂತಿರುವುದು ‘ಪ್ರಾಯ’ ಎಂಬ ಚಿತ್ರದ ಮುಂದೆ: ಹಾಸಿಗೆಯಂಚಿನಲ್ಲಿ ಕೈಕಟ್ಟಿಕೊಂಡು ಕುಳಿತ ಬೆತ್ತಲೆ ಬಾಲೆ, ಅವಳ ಹಿಂದೆ ಬೃಹತ್ತಾದ ನೆರಳು. ಬಾಲ್ಯವೇ ಇಲ್ಲದೆ ಹುಟ್ಟಿದವಳು ಆ ಚಿತ್ರವನ್ನೇ ಏಕೆ ನೋಡುತ್ತಿದ್ದಳೆಂದು ಲೇಖಕ ವಿವರಿಸುವುದಿಲ್ಲ. ಅದರ ಪ್ರತಿಯೊಂದನ್ನು ಕೊಂಡುಕೊಡುವೆಯಾ ಎಂದು ಆಕೆ ಕೇಳುತ್ತಾಳೆ. ಕೊಲ್ಲಲು ಬಂದವನು, ತನ್ನ ಸ್ವಂತ ಜೇಬಿನಿಂದ 25 ಡಾಲರು ತೆತ್ತು, ಚಿತ್ರಗಳ ಪುಸ್ತಕವನ್ನೇ ತೆಗೆದುಕೊಡುತ್ತಾನೆ. ಲಿಫ್ಟಿನಲ್ಲಿ ಇಳಿಯುವಾಗ ಆಕೆಯ ಮಾತು ರೆಶ್‌ನನ್ನು ಚುಚ್ಚುತ್ತದೆ; ಅವನು ಗುಂಡು ಹಾರಿಸುತ್ತಾನೆ; ಆಕೆ ಮುಂಕ್‌ನ ಚಿತ್ರದಂತೆಯೇ ಚೀರುತ್ತಾಳೆ; ಆ ಚೀರಾಟವನ್ನು ನಿಲ್ಲಿಸಲು ರಿಕ್ ತಾನೇ ಕೊಂದು ಮುಗಿಸುತ್ತಾನೆ. ಅನಂತರ ಆ ಪುಸ್ತಕವನ್ನು ಹಾಳೆಯೂ ಉಳಿಯದಂತೆ ಸುಟ್ಟು ಬೂದಿ ಮಾಡುತ್ತಾನೆ.

ಇಷ್ಟು ನಿಷ್ಕರುಣನಾದವನು ಆಂಡ್ರಾಯ್ಡೇ ಆಗಿರಬೇಕೆಂದು ರಿಕ್ ರೆಶ್‌ನನ್ನು ಪರೀಕ್ಷಿಸುತ್ತಾನೆ. ನಮ್ಮ ಆಸೆಯೂ ಅದೇ. ಫಲಿತಾಂಶ ಬೇರೆ: ರೆಶ್ ಅಪ್ಪಟ ಮನುಷ್ಯ. ಬಳಿಕ ರಿಕ್ ಆ ಮುಳ್ಳನ್ನು ತನ್ನ ಕಡೆಗೇ ತಿರುಗಿಸಿ, ಹೆಣ್ಣು ಆಂಡ್ರಾಯ್ಡನ್ನು ಕೊಂದಂತೆ ಕಲ್ಪಿಸಿಕೊಳ್ಳುತ್ತಾನೆ, ಮುಳ್ಳು ಓಲಾಡುತ್ತದೆ. ಕೊಲ್ಲಬಹುದಾದದ್ದೆಂದು ಕಾನೂನು ಹೇಳಿದ ವಸ್ತುವಿನ ಮೇಲೆ ಅವನಿಗೆ ಕನಿಕರ ಹುಟ್ಟಿಬಿಟ್ಟಿದೆ. ಇನ್ನು ಅವನ ಕಸುಬು ಅವನಿಗೆ ಪಾಪವಾಗದೆ ಇರಲಾರದು.

ಇಲ್ಲಿಗೆ ಬಂದಾಗಲೆಲ್ಲ ನನಗೆ ಜನ್ನನ ನೆನಪಾಗುತ್ತದೆ. 1209ರ ಸುಮಾರಿನಲ್ಲಿ ಹೊಯ್ಸಳರ ಆಸ್ಥಾನಕವಿ ರಚಿಸಿದ ‘ಯಶೋಧರ ಚರಿತೆ’ಗೂ ಕ್ಯಾಲಿಫೋರ್ನಿಯಾದ ಈ ಕಥೆಗೂ ಕೊಡುಕೊಳೆಯ ಸಂಬಂಧ ಇರಲಾರದೆಂಬುದು ಸ್ಪಷ್ಟ, ಆದರೆ ಕನ್ನಡದ ಓದುಗನೊಬ್ಬನಿಗೆ ಕೃತಕಪ್ರಾಣಿ ಎಂದೊಡನೆ ನೆನಪಾಗುವುದು ಆ ಕಾವ್ಯದ ಹಿಟ್ಟಿನ ಕೋಳಿಯಲ್ಲದೆ ಮತ್ತಾವುದು? ಪತ್ನಿ ಅಮೃತಮತಿಯ ಅನಾಚಾರವನ್ನು ಕಣ್ಣಾರೆ ಕಂಡ ಯಶೋಧರ, ತಾಯಿಯಿಂದ ಅದನ್ನು ಮುಚ್ಚಿಡಲು ಕೆಟ್ಟ ಕನಸೊಂದರ ನೆಪ ಹೇಳುತ್ತಾನೆ. ತಾಯಿ ಶಾಂತಿಗಾಗಿ ಮಾರಿಗೆ ಬಲಿ ಕೊಡೆನ್ನುತ್ತಾಳೆ. ಜೀವಹಿಂಸೆಗೆ ಒಪ್ಪದ ಅರಸ, ಕೊನೆಗೆ ಹಿಟ್ಟಿನಲ್ಲಿ ಮಾಡಿದ ಕೋಳಿಯೊಂದನ್ನು ಕಡಿಯಲು ಸಮ್ಮತಿಸುತ್ತಾನೆ. ಕತ್ತಿ ಬಿದ್ದಾಗ ಆ ಹಿಟ್ಟಿನ ಕೋಳಿ ಕೂಗಿತು. ಅದರ ಚೆಲುವಿಗೆ ಮರುಳಾದ ಬೆಂತರವೊಂದು ಒಳಗೆ ಹೊಕ್ಕಿತ್ತೆಂದು ಕವಿ ಸಮಾಧಾನ ಹೇಳುವನಾದರೂ, ಬೆಂತರವಿರಲಿ ಇಲ್ಲದಿರಲಿ, ಕೊಲ್ಲುವೆನೆಂಬ ಸಂಕಲ್ಪ ಅರಸನ ಕೈಯಲ್ಲಿ ಇದ್ದೇ ಇತ್ತು; ಅಷ್ಟರಿಂದಲೇ ತಾಯಿಮಕ್ಕಳಿಬ್ಬರೂ ಜನ್ಮಜನ್ಮಾಂತರ ಪ್ರಾಣಿಯೋನಿಗಳಲ್ಲಿ ತೊಳಲಿದರು. ಸತ್ತದ್ದು ಹಿಟ್ಟೋ ಕೋಳಿಯೋ ಎಂದು ಜೈನ ಕವಿ ವಿಚಾರಿಸುವುದಿಲ್ಲ. ಕಡಿದವನ ಮನಸ್ಸನ್ನು ವಿಚಾರಿಸುತ್ತಾನೆ. ಡಿಕ್ಕನ ಪೊಲೀಸರದು ಇದಕ್ಕೆ ತಲೆಕೆಳಗಾದ ನ್ಯಾಯ: ಎದುರಿಗಿರುವುದು ಹಿಟ್ಟೆಂದು ಸಿದ್ಧವಾದರೆ ಕತ್ತಿಗೆ ದೋಷವಿಲ್ಲ. ಲೂಬಾ ಲುಫ್ಟಳ ಚೀರಾಟವನ್ನು ನಾನು ಆ ಕೋಳಿಯ ಕೂಗಿನಿಂದ ಬೇರೆ ಮಾಡಿ ಕೇಳಲಾರೆ.

ಕಥೆಯ ಇನ್ನೊಂದು ಎಳೆಯಲ್ಲಿ ಇಸಿಡೋರ್ ಎಂಬವನಿದ್ದಾನೆ. ಧೂಳಿಯಿಂದ ಬುದ್ಧಿ ಮಂಕಾಗಿ, ಸರ್ಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ, ವಲಸೆಯ ಹಕ್ಕನ್ನು ಕಳೆದುಕೊಂಡು, ಜನರು ಬಿಟ್ಟುಹೋದ ಕಟ್ಟಡದಲ್ಲಿ ಒಂಟಿಯಾಗಿ ವಾಸಿಸುವ ತೊದಲುಮಾತಿನ ಮನುಷ್ಯ. ಒಡೆದ ವಸ್ತು, ಖಾಲಿ ಬೆಂಕಿಪೆಟ್ಟಿಗೆ, ನಿನ್ನೆಯ ಪತ್ರಿಕೆ ಇವೆಲ್ಲ ರಾತ್ರೋರಾತ್ರಿ ತಾವಾಗಿಯೇ ಇಮ್ಮಡಿಸುವುವೆಂಬ ಅವನದೊಂದು ಸಿದ್ಧಾಂತವುಂಟು. ಆ ಕಸಕ್ಕೆ ಅವನು ‘ಕಿಪಲ್’ ಎನ್ನುತ್ತಾನೆ. ಕೃತಕ ಪ್ರಾಣಿಗಳನ್ನು ದುರಸ್ತಿ ಮಾಡುವ ಅಂಗಡಿಯಲ್ಲಿ ಗಾಡಿ ನಡೆಸುವುದು ಅವನ ಜೀವನೋಪಾಯ. ಒಂದು ದಿನ, ಗಾಡಿಯ ಹಿಂಬದಿಯಲ್ಲಿ ಏದುಸಿರು ಬಿಡುತ್ತಿರುವ ಬೆಕ್ಕನ್ನು ಕೆಟ್ಟುಹೋದ ಯಂತ್ರವೆಂದೇ ತಿಳಿದು, ವಿದ್ಯುತ್ಕೋಶದ ಸಂಪರ್ಕವನ್ನು ಹುಡುಕುತ್ತಿರುವಾಗಲೇ ಅದು ಸಾಯುತ್ತದೆ. ಅದು ನಿಜವಾದ ಬೆಕ್ಕಾಗಿತ್ತು. ಬೆಕ್ಕಿನ ಒಡತಿ ಗಂಡನಿಗೆ ತಿಳಿಯದಂತೆ ಅದೇ ತೆರನಾದ ಕೃತಕ ಬೆಕ್ಕನ್ನು ಮಾಡಿಸಲು ಒಪ್ಪುತ್ತಾಳೆ.  ಕೃತಕವಾದ ನರಳಾಟವೂ ಇಸಿಡೋರನಿಗೆ ನೋವೇ ಆಗಿತ್ತೆಂಬುದನ್ನು ಇಲ್ಲಿ ಮರೆಯಬಾರದು. ಯಂತ್ರಬೆಕ್ಕಾದರೂ ಅದರ ಸಂಕಟವನ್ನು ಅವನು ಸಹಿಸಲಾರ.

ಅವನ ಖಾಲಿ ಕಟ್ಟಡಕ್ಕೆ ಪ್ರಿಸ್ ಎಂಬ ಹೆಣ್ಣು ಬಂದು ಸೇರುತ್ತಾಳೆ. ನೆರೆಯವಳು ಬಂದಳೆಂದು ಅವನು ಮಾರ್ಗರೀನಿನ ಒಂದು ಗಟ್ಟಿಯನ್ನು ಕೈಯಲ್ಲಿ ಹಿಡಿದು ಬಾಗಿಲು ತಟ್ಟುತ್ತಾನೆ. ಇಷ್ಟು ದೀನವಾದ, ಇಷ್ಟು ಸುಂದರವಾದ ಉಡುಗೊರೆಯನ್ನು ನಾನು ಬೇರೆ ಕಾದಂಬರಿಗಳಲ್ಲಿ ಕಾಣೆ. ಪ್ರಿಸ್, ರೇಚಲ್ ಇಬ್ಬರೂ ಒಂದೇ ಅಚ್ಚಿನಲ್ಲಿ ತಯಾರಾದವರು. ರಾಯ್ ಬೇಟಿ ಮತ್ತು ಅವನ ಹೆಂಡತಿ ಇರ್ಮ್‌ಗಾರ್ಡ್ ಎಂಬ ಇನ್ನಿಬ್ಬರು ಬಂದು ಕೂಡಿದ ಮೇಲೆ, ಇಸಿಡೋರ್ ಮೆಟ್ಟಿಲ ಮೇಲೆ ಸಿಕ್ಕ ಜೀವಂತ ಜೇಡವೊಂದನ್ನು ನಿಧಿ ಸಿಕ್ಕವನಂತೆ ತಂದು ತೋರಿಸುತ್ತಾನೆ. ಎಂಟು ಕಾಲೇಕೆ, ನಾಲ್ಕರಲ್ಲಿ ನಡೆಯಲಾರದೆ ಎಂದು ಪ್ರಿಸ್ ಕತ್ತರಿಯಿಂದ ಒಂದೊಂದೇ ಕಾಲನ್ನು ಕತ್ತರಿಸುತ್ತಾಳೆ. ನಡೆಯದಾದಾಗ ರಾಯ್ ಕಡ್ಡಿ ಗೀರಿ ಬೆಂಕಿ ತೋರಿಸುತ್ತಾನೆ. ಅವರಲ್ಲಿ ದ್ವೇಷವಿಲ್ಲ, ಕುತೂಹಲವಿದೆ. ಬುದ್ಧಿಮಂಕನಾದ ಮನುಷ್ಯ ಜೇಡವನ್ನು ಕಸಿದುಕೊಂಡು, ಅದರ ಯಾತನೆ ಮುಗಿಯಲೆಂದು ನೀರಿನಲ್ಲಿ ಮುಳುಗಿಸುತ್ತಾನೆ.

ಹಾಗಾದರೆ ಲೇಖಕ ಆಂಡ್ರಾಯ್ಡುಗಳ ಪಕ್ಷವೋ ವಿಪಕ್ಷವೋ? ಈ ಪಾತ್ರಗಳ ಬೀಜ ಎಲ್ಲಿ ಬಿತ್ತೆಂಬುದನ್ನು ಡಿಕ್ ತಾನೇ ಹೇಳಿಕೊಂಡಿದ್ದಾನೆ. 1962ರಲ್ಲಿ ಹೊರಬಂದ ‘ದ ಮ್ಯಾನ್ ಇನ್ ದ ಹೈ ಕ್ಯಾಸಲ್’ ಎಂಬ ಕೃತಿಗಾಗಿ ಬರ್ಕ್ಲಿಯ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ನಾಜಿಗಳ ದಾಖಲೆಗಳನ್ನು ಓದುತ್ತಿದ್ದಾಗ, ಪೋಲೆಂಡಿನಲ್ಲಿದ್ದ ಎಸ್‌.ಎಸ್‌. ಪಡೆಯವನೊಬ್ಬನ ದಿನಚರಿ ಅವನ ಕಣ್ಣಿಗೆ ಬಿತ್ತು. ಹಸಿದ ಮಕ್ಕಳ ಅಳುವಿನಿಂದ ರಾತ್ರಿ ತನಗೆ ನಿದ್ರೆ ಕೆಡುತ್ತಿದೆ ಎಂಬುದು ಅದರಲ್ಲಿ ಅವನ ದೂರು. ಮನುಷ್ಯನ ಆಕಾರದಲ್ಲಿದ್ದೂ ಮನುಷ್ಯನಲ್ಲದ ಒಂದು ಜಾತಿ ನಮ್ಮ ನಡುವೆಯೇ ಇದೆಯೆಂಬ ಭೀತಿ ಅಂದು ಡಿಕ್ಕನಲ್ಲಿ ಹುಟ್ಟಿತು. 1972ರಲ್ಲಿ ವ್ಯಾಂಕೂವರಿನಲ್ಲಿ ಮಾಡಿದ ಭಾಷಣದಲ್ಲಿಯೂ ಯಂತ್ರವಾಗಿ ಮಾರ್ಪಟ್ಟ ಮನುಷ್ಯನನ್ನೇ ಅವನು ಆಂಡ್ರಾಯ್ಡ್ ಎಂದು ಕರೆದನು. ಲೇಖಕನ ಉದ್ದೇಶದಂತೆ ನೋಡಿದರೆ ಜೇಡದ ಕಾಲು ಕತ್ತರಿಸುವ ಪ್ರಿಸ್ ಆ ದಿನಚರಿಯವನ ಮೊಮ್ಮಗಳು. ಆದರೆ ಬರೆಯುತ್ತ ಹೋದಂತೆ ಪಾತ್ರಗಳು ಉದ್ದೇಶದ ಕೈಯಿಂದ ನುಸುಳಿದವು. ಹಾಡುವವಳೊಬ್ಬಳು ಹುಟ್ಟಿದಳು, ಹೆಂಡತಿ ಸತ್ತಾಗ ಸಂಕಟದಿಂದ ಕೂಗಿಕೊಳ್ಳುವ ರಾಯ್ ಹುಟ್ಟಿದನು. ನಾಜಿಯನ್ನು ಹುಡುಕಿ ಹೊರಟ ಲೇಖಕನಿಗೆ ಆ ದಿನಚರಿಯ ಧ್ವನಿ ಕೊನೆಗೆ ಕೇಳಿಸಿದ್ದು ಪೊಲೀಸಿನವನಾದ ಫಿಲ್ ರೆಶ್‌ನ ಬಾಯಲ್ಲಿ.

ಕೃತಿಯ ದೋಷಗಳನ್ನು ಮುಚ್ಚಿಡುವುದು ನನ್ನ ಇಷ್ಟವಲ್ಲ. ಡಿಕ್ ಅವಸರದ ಬರಹಗಾರ. ಹೊಟ್ಟೆಪಾಡಿಗಾಗಿ ಒಂದರ ಹಿಂದೊಂದು ಬರೆದವನು. ಹೆಣ್ಣುಗಳ ವರ್ಣನೆಯಲ್ಲಿ ಅವನ ಕಣ್ಣು ಎಷ್ಟೋ ಸಲ ಅಗ್ಗವಾಗುತ್ತದೆ. ರಾಯ್ ಬೇಟಿಯನ್ನು ಮಹಾ ಪ್ರತಾಪಿಯೆಂದು ಹೊಗಳಿ ಕರೆತಂದು ಎರಡು ಪುಟಗಳಲ್ಲಿ ಸುಟ್ಟುಬಿಡುತ್ತಾನೆ. 1982ರ ಜೂನಿನಲ್ಲಿ, ಡಿಕ್ ತೀರಿಕೊಂಡ ಮೂರು ತಿಂಗಳಿಗೆ, ತೆರೆಗೆ ಬಂದ ರಿಡ್ಲಿ ಸ್ಕಾಟನ ‘ಬ್ಲೇಡ್ ರನ್ನರ್’ ಚಿತ್ರ ಈ ಪಾತ್ರಕ್ಕೆ ಮೂಲದಲ್ಲಿಲ್ಲದ ಗಾಂಭೀರ್ಯವನ್ನು ಕೊಟ್ಟಿತೆಂಬುದು ನಿಜ. ಅದಕ್ಕೆ ಪ್ರತಿಯಾಗಿ ಇರಾನಳನ್ನೂ ತಾರಸಿಯ ಕುರಿಯನ್ನೂ ಕೈಬಿಟ್ಟಿತು. ನನಗೆ ಈ ವಿನಿಮಯ ಲಾಭಕರವಾಗಿ ತೋರಲಿಲ್ಲ.

ರೇಚಲಳ ಕಥೆಯನ್ನು ಮೇಲೆ ಅರ್ಧಕ್ಕೆ ಬಿಟ್ಟಿದ್ದೆ. ಲೂಬಾ ಸತ್ತ ಬಳಿಕ ರಿಕ್ ಆ ದಿನ ಗಳಿಸಿದ 3,000 ಡಾಲರನ್ನು ಮುಂಗಡವಾಗಿ ಕಟ್ಟಿ ಕಪ್ಪು ಮೇಕೆಯೊಂದನ್ನು, ಜೀವಂತವಾದದ್ದನ್ನು, ಕೊಳ್ಳುತ್ತಾನೆ. ಅದೇ ರಾತ್ರಿ ರೇಚಲ್ ಅವನೊಡನೆ ಒಂದು ಹೋಟೆಲಿನಲ್ಲಿ ಕೂಡುತ್ತಾಳೆ. ಪ್ರಣಯವೆಂದು ಅವನು ತಿಳಿದದ್ದು ಬೇಟೆಗಾರರ ಕೈ ಮೆತ್ತಗಾಗಲೆಂದು ಆಕೆ ಹಲವರ ಮೇಲೆ ನಡೆಸಿದ ಪ್ರಯೋಗವೆಂದು ಆಮೇಲೆ ತಿಳಿಯುತ್ತದೆ. ಹಾಗೆ ಮೆತ್ತಗಾಗದೆ ಉಳಿದವನು ರೆಶ್ ಒಬ್ಬನೇ. ನಿನ್ನ ಪ್ರೀತಿಯಲ್ಲಿ ಮೇಕೆಗೆ ಮೊದಲ ಸ್ಥಾನ, ಹೆಂಡತಿಗೆ ಎರಡನೆಯದು, ನನಗೆ ಕಡೆಯದು ಎಂದು ಆಕೆ ಎಣಿಸಿ ಹೇಳುತ್ತಾಳೆ. ಬಳಿಕ ಅವನ ತಾರಸಿಗೆ ಬಂದು, ಯಾರು ನೋಡಿದರೂ ಲಕ್ಷ್ಯವಿಲ್ಲದೆ, ಮೇಕೆಯನ್ನು ಅಂಚಿಗೆಳೆದು ಕೆಳಕ್ಕೆ ತಳ್ಳಿಹೋಗುತ್ತಾಳೆ. ಅಸೂಯೆ ಇಲ್ಲದವಳು ಹೀಗೆ ಮಾಡುವಳೆ? ವೋಯ್ಟ್-ಕಾಂಫ್ ಪರೀಕ್ಷೆಯಲ್ಲಿ ಈ ಭಾವಕ್ಕೆ ಪ್ರಶ್ನೆಯೇ ಇರಲಿಲ್ಲ.

ಒಂದೇ ದಿನದಲ್ಲಿ ಆರು ಜನರ ಕಥೆ ಮುಗಿದ ಮೇಲೆ ರಿಕ್ ಉತ್ತರದ ಮರುಭೂಮಿಗೆ ಒಂಟಿಯಾಗಿ ಹಾರಿಹೋಗುತ್ತಾನೆ. ಅಲ್ಲಿ ಧೂಳಿನ ನಡುವೆ ಅವನಿಗೆ ನೆಲಗಪ್ಪೆಯೊಂದು ಸಿಕ್ಕುತ್ತದೆ. ಭೂಮಿಯ ಮೇಲೆ ಅಳಿದೇಹೋಯಿತೆಂದು ಎಲ್ಲರೂ ನಂಬಿದ್ದ ಪ್ರಾಣಿ. ಅದನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟುಕೊಂಡು, ಹಬ್ಬದ ಮಗುವಿನಂತೆ ಮನೆಗೆ ತರುತ್ತಾನೆ. ಇರಾನ್ ಅದನ್ನು ಬೋರಲು ಹಿಡಿದು ನೋಡುತ್ತ, ಹೊಟ್ಟೆಯಲ್ಲಿದ್ದ ಪುಟ್ಟ ಮುಚ್ಚಳವನ್ನು ಉಗುರಿನಿಂದ ತೆರೆಯುತ್ತಾಳೆ. ಅವನ ಮುಖ ಬಾಡುತ್ತದೆ. ಹೇಳಬಾರದಿತ್ತೇನೋ ಎಂದು ಆಕೆ ಅಳುಕುತ್ತಾಳೆ. ತಿಳಿದದ್ದೇ ಮೇಲಾಯಿತೆಂದು ಅವನು ಹೇಳಿ, ಮೈಮೇಲಿನ ಧೂಳನ್ನೂ ಕೊಡವದೆ, ಪೆಟ್ಟಿಗೆಯ ಯಾವ ಸಂಖ್ಯೆಯ ನೆರವೂ ಇಲ್ಲದೆ, ನಿದ್ರೆಹೋಗುತ್ತಾನೆ. ಆಕೆ ಅಡುಗೆಮನೆಗೆ ಹೋಗಿ ಕೃತಕ ಪ್ರಾಣಿಗಳ ಸಾಮಗ್ರಿಯನ್ನು ಮಾರುವ ಅಂಗಡಿಗೆ ದೂರವಾಣಿ ಮಾಡಿ, ನೆಲಗಪ್ಪೆಗೆಂದು ಒಂದು ಪೌಂಡು ಕೃತಕ ನೊಣಗಳನ್ನು, ನಿಜವಾಗಿ ಹಾರಾಡಿ ಗುಂಯ್ಗುಡುವಂಥವನ್ನೇ, ಕಳುಹಿಸಬೇಕೆಂದು ಹೇಳುತ್ತಾಳೆ. ವಿಳಾಸವನ್ನು ಬರೆಸಿದ ಮೇಲೆ ತನಗಾಗಿ ಒಂದು ಲೋಟ ಕಪ್ಪು ಕಾಫಿಯನ್ನು ಬಿಸಿಯಾಗಿ ಮಾಡಿಕೊಳ್ಳುತ್ತಾಳೆ.